ಗಾಜಿನ ಮೇಲಿನ ಪದರ

ಕಾಲು ಊದಿದರೆ ಜಯನಗರದ ಹತ್ತು ಮನೆಗೆ ಸುದ್ದಿ. ವೃಷಣ ಊದಿದರೆ ಹೆತ್ತತಾಯಿಗೂ ಗುಟ್ಟು. ನನ್ನ ತಮ್ಮನ ಮಗ, 28ರ ಹುಡುಗ, ನೋವಿಲ್ಲವೆಂದು ನಾಲ್ಕು ತಿಂಗಳು ಸುಮ್ಮನಿದ್ದ. ನೋವಿಲ್ಲದ ಗಂಟನ್ನೇ ಹೆಚ್ಚು ಶಂಕಿಸಬೇಕಂತೆ.

ಹೊಸೂರು ರಸ್ತೆಯಲ್ಲಿ 1973ರಿಂದ ಇರುವ ಕಿದ್ವಾಯಿ ಸಂಸ್ಥೆಗೆ ಹೋದೆವು. ಕ್ಯಾನ್ಸರಿನ ಶಂಕೆಯಿದ್ದರೆ ಚೀಲಕ್ಕೆ ಸೂಜಿ ಹಾಕುವುದಿಲ್ಲ, ರೋಗ ಹೊಸ ದಾರಿ ಹಿಡಿದೀತೆಂದು. ತೊಡೆಸಂದಿಯಿಂದ ವೃಷಣವನ್ನೇ ತೆಗೆಯುತ್ತಾರೆ. ಅದು ಫಾರ್ಮಲಿನ್ನಿನಲ್ಲಿ ನೆನೆದು, ಮೇಣದಲ್ಲಿ ಹೂತು, ಮಿಲಿಮೀಟರಿನ ಇನ್ನೂರನೇ ಒಂದು ಪಾಲಿನಷ್ಟು ತೆಳುಪದರವಾಗಿ, ನೀಲಿ-ಗುಲಾಬಿ ಬಣ್ಣ ಕುಡಿದು ಸೂಕ್ಷ್ಮದರ್ಶಕದಡಿ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕ್ಷಯವೂ ಹೀಗೆ ಗಂಟು ಕಟ್ಟುವುದುಂಟೆಂದು ಕೇಳಿ, ಕ್ಷಯವೇ ಆಗಿರಲೆಂದು ಹರಕೆ ಹೊತ್ತಳು ಅವನ ತಾಯಿ!

ವರದಿ ಬಂತು: ಸೆಮಿನೋಮ. ಕ್ಯಾನ್ಸರೇ, ಆದರೆ ಹರಡದಿದ್ದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುವ ಜಾತಿ. ಇವನದು ಹರಡಿರಲಿಲ್ಲ.

“ಮದುವೆ?” ಎಂದ ಹುಡುಗ, ನೆಲ ನೋಡುತ್ತ.

“ಸಾಮಾನ್ಯವಾಗಿ ಸಂಸಾರಕ್ಕೆ ಒಂದೇ ಸಾಕಪ್ಪ,” ಎಂದರು ಡಾಕ್ಟರು, ಕನ್ನಡಕ ಒರೆಸಿಕೊಳ್ಳುತ್ತ.