ಹತ್ತಿರ ದೂರದ ನಕ್ಷೆ

ಕಂಪ್ಯೂಟರಿನ ಹೊಟ್ಟೆಯೊಳಗೂ ಹತ್ತಿರ, ದೂರ ಎಂಬುದುಂಟೆಂದು ನನಗೆ ತಿಳಿಸಿಕೊಟ್ಟವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಸರ್ವರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಸಮಾಜ ವಿಜ್ಞಾನ ಪಾಠ ಮಾಡುವವಳಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಸ್ವಲ್ಪ ತಾಳಿ.

ದೊಡ್ಡ ಸರ್ವರಿನಲ್ಲಿ ಪ್ರೊಸೆಸರು ಒಂದಲ್ಲ. ಎರಡೋ ನಾಲ್ಕೋ ಇರುತ್ತವೆ. ಮೊದಲು ಇಂಥ ಬಹುಪಾಲು ಯಂತ್ರಗಳಲ್ಲಿ ಎಲ್ಲಕ್ಕೂ ಸೇರಿ ಮೆಮೊರಿಯ ಉಗ್ರಾಣ ಒಂದೇ. ಅದರ ಬಾಗಿಲಲ್ಲಿ ಎಲ್ಲವೂ ಸಾಲು ನಿಲ್ಲಬೇಕಿತ್ತು. 2003ರಲ್ಲಿ ಬಂದ ಎಎಂಡಿಯ ಆಪ್ಟೆರಾನ್, 2009ರಲ್ಲಿ ಬಂದ ಇಂಟೆಲ್‌ನ ಕ್ಸಿಯಾನ್ 5500 ಪ್ರತಿ ಪ್ರೊಸೆಸರಿನ ಮಗ್ಗುಲಲ್ಲೇ ಅದರ ಪಾಲಿನ ಮೆಮೊರಿಯನ್ನು ಇರಿಸಿದವು. ತನ್ನ ಪಾಲಿನದು ಕೈಗೆ ಬೇಗ ಸಿಗುತ್ತದೆ. ನೆರೆಯದು ಬೇಕೆಂದರೆ ನಡುವಿನ ದಾರಿ ದಾಟಬೇಕು. ತಡವಾಗುವುದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು. ಆದರೆ ಸೆಕೆಂಡಿಗೆ ಕೋಟಿ ಸಲ ಓಡಾಡುವವರಿಗೆ ಅದು ಸಣ್ಣದಲ್ಲ. ಈ ಏರ್ಪಾಟಿಗೆ ನ್ಯೂಮಾ ಎಂದು ಹೆಸರು.

"ದೊಡ್ಡಮ್ಮ, ಇದೇ ಮನೆಗೆ ಹತ್ತು ಜನ ಬಾಡಿಗೆದಾರರನ್ನ ಇಟ್ಟ ಹಾಗೆ ಅಂದುಕೋ" ಎಂದ. ಅವರಿಗೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಇಡೀ ಮನೆ ತನ್ನದೊಬ್ಬನದೇ ಎಂದು ಪ್ರತಿಯೊಬ್ಬನ ನಂಬಿಕೆ. ಹೈಪರ್‌ವೈಸರ್ ಎಂಬ ಮನೆ ಯಜಮಾನ ಚಿಕ್ಕ ಬಾಡಿಗೆದಾರನನ್ನು ಒಂದೇ ಬದಿಗೆ ಕೂರಿಸುತ್ತಾನೆ. ಎರಡು ಬದಿಗೂ ಸಮನಾಗಿ ಮೆಮೊರಿ ಹಾಕಿರದಿದ್ದರೆ ತಾಪತ್ರಯ. ಒಂದು ಕಡೆ 64 ಜಿಬಿ, ಇನ್ನೊಂದು ಕಡೆ 32 ಜಿಬಿ ಇದೆಯೆನ್ನಿ. 40 ಬೇಡುವವನು ಚಿಕ್ಕ ಬದಿಗೆ ಬಂದರೆ ಅವನ ಸಾಮಾನು ಆಚೆ ಬದಿಗೂ ಚೆಲ್ಲುತ್ತದೆ. ತನಗೇಕೆ ತಡವಾಗುತ್ತಿದೆ ಎಂಬುದು ಅವನಿಗೇ ತಿಳಿಯುವುದಿಲ್ಲ. ಅವನ ಕಣ್ಣಿಗೆ ಎಲ್ಲವೂ ಒಂದೇ ದೂರ.

2011ರಲ್ಲಿ ವಿಎಂವೇರ್ ಕಂಪನಿ ತನ್ನ ವಿಸ್ಪಿಯರ್ 5ರಲ್ಲಿ ಒಂದು ದಾರಿ ಮಾಡಿತು. ಎಂಟಕ್ಕಿಂತ ಹೆಚ್ಚು ಪ್ರೊಸೆಸರು ಪಡೆದ ದೊಡ್ಡ ಬಾಡಿಗೆದಾರನಿಗೆ ಮನೆಯ ಒಳನಕ್ಷೆಯನ್ನೇ ತೋರಿಸಿತು. ಯಾವುದು ಹತ್ತಿರ, ಯಾವುದು ದೂರ ಎಂದು ಗೊತ್ತಾದ ಮೇಲೆ ಅವನು ತನ್ನ ಕೆಲಸವನ್ನು ತಾನೇ ಹೊಂದಿಸಿಕೊಂಡ. ಮೈಕ್ರೋಸಾಫ್ಟ್‌ನವರು 2012ರಲ್ಲಿ ಇದನ್ನೇ ಮಾಡಿದರು.

ಇದನ್ನು ಕೇಳುವಾಗ ನನ್ನ ಕಣ್ಣ ಮುಂದಿದ್ದದ್ದು ಹತ್ತನೇ ತರಗತಿಯ ಹಾಜರಿ ಪುಸ್ತಕ. ಶಾಲೆಯ ಹಿಂದಿನ ಬೀದಿಯ ಹುಡುಗಿ, ಆರು ಕಿಲೋಮೀಟರು ಆಚೆಯ ತಾಂಡಾದ ಹುಡುಗಿ, ಇಬ್ಬರಿಗೂ ಅಲ್ಲಿ ಒಂದೊಂದೇ ಗೆರೆ. ತಾಂಡಾದ ಬಸ್ಸು ಬರುವುದು ಹಾಜರಿ ಕರೆದು ಹತ್ತು ನಿಮಿಷವಾದ ಮೇಲೆ. ಶೇಕಡ 75 ಹಾಜರಿ ಇಲ್ಲದವರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವಂತಿಲ್ಲ. "ಎಲ್ಲರಿಗೂ ಒಂದೇ ನಿಯಮ ಮೇಡಂ" ಎನ್ನುತ್ತಿದ್ದರು ನಮ್ಮ ಮುಖ್ಯೋಪಾಧ್ಯಾಯರು. ಮಕ್ಕಳು ಬರುವ ಹಳ್ಳಿಗಳನ್ನು, ಬಸ್ಸಿನ ವೇಳೆಯನ್ನು ಒಂದು ಡ್ರಾಯಿಂಗ್ ಹಾಳೆಯ ಮೇಲೆ ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದೆ. ವಾರವೆಲ್ಲ ಅದನ್ನು ನೋಡಿದವರು, ಮೊದಲ ಪೀರಿಯಡ್ಡಿನ ಕೊನೆಗೆ ಹಾಜರಿ ಕರೆಯಲು ಒಪ್ಪಿದರು. ತಾಂಡಾದ ಇಬ್ಬರಲ್ಲಿ ಒಬ್ಬಳು ಪರೀಕ್ಷೆ ಬರೆದು ಪಾಸಾದಳು. ಇನ್ನೊಬ್ಬಳು ಅಷ್ಟರಲ್ಲೇ ಶಾಲೆ ಬಿಟ್ಟು ಕಬ್ಬು ಕಡಿಯಲು ಹೋಗಿದ್ದಳು.

ನಮ್ಮ ಹುಡುಗ ಇನ್ನೊಂದು ಮಾತು ಹೇಳಿದ್ದ. ಬಾಡಿಗೆದಾರನನ್ನು ಬೇರೆ ಅಳತೆಯ ಯಂತ್ರಕ್ಕೆ ಸಾಗಿಸಿದರೂ ಅವನ ಕೈಯಲ್ಲಿ ಹಳೆಯ ನಕ್ಷೆಯೇ ಉಳಿದಿರುತ್ತದಂತೆ. ಅದಕ್ಕೇ ಪ್ರತಿ ಜೂನ್‌ನಲ್ಲಿ, ಹೊಸ ಮಕ್ಕಳು ಸೇರಿದ ಕೂಡಲೇ, ನಾನು ಹೊಸ ಹಾಳೆ ತರಿಸುತ್ತೇನೆ.