ದಮ್ಮಾಯಿಗೂಡದ ಕಿಟಕಿ

ಕಳೆದ ವೈಶಾಖದಲ್ಲಿ ನನ್ನ ತಮ್ಮನ ಮಗಳ ಗೃಹಪ್ರವೇಶವಿತ್ತು. ಹೊಸ ಮನೆ ಇರುವುದು ದಮ್ಮಾಯಿಗೂಡದಲ್ಲಿ. ಬರ್ಕತ್‌ಪುರದ ನಮ್ಮ ಮನೆಯಿಂದ ವಿದ್ಯಾನಗರ, ತಾರ್ನಾಕ, ಮೌಲಾಲಿ ದಾಟಿ, ಇ.ಸಿ.ಐ.ಎಲ್. ಚೌರಸ್ತಾ ಹಿಂದೆ ಹಾಕಿ ಇನ್ನೂ ಮುಂದಕ್ಕೆ ಹೋಗಬೇಕು. ವಿಶ್ವವಿದ್ಯಾಲಯದ ಮರಗಳ ನೆರಳು ಮುಗಿದ ಮೇಲೆ ದಾರಿಯುದ್ದಕ್ಕೂ ಬಿಸಿಲು, ಧೂಳು, ಅರ್ಧ ಕಟ್ಟಿದ ಮನೆಗಳು.

ಹಾಲು ಉಕ್ಕಿಸಿ, ಸತ್ಯನಾರಾಯಣ ಪೂಜೆ ಮುಗಿಸಿ, ಬಂದವರನ್ನೆಲ್ಲ ಕಳಿಸಿ ನಾವು ಮನೆಯವರು ಕುಳಿತಿದ್ದೆವು. ಸಂಜೆ ಗಾಳಿ ಬೀಸಿತು. ಹುಡುಗಿ ಎದ್ದು ಒಂದೊಂದೇ ಕಿಟಕಿ ಮುಚ್ಚತೊಡಗಿದಳು.

"ಇಷ್ಟು ಸೆಕೆಯಲ್ಲಿ ಯಾಕೆ ಪುಟ್ಟಿ?" ಎಂದೆ.

"ಗಾಳಿ ಜವಾಹರ್‌ನಗರದ ಕಡೆಯಿಂದ ತಿರುಗಿತು ಅತ್ತೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿಯಂತೆ. ಅದಕ್ಕೇ ಈ ಮನೆ ನಮ್ಮ ಕೈಗೆ ಎಟುಕಿದ್ದು" ಎಂದು ನಕ್ಕಳು. ಆ ನಗು ನನಗೆ ಸರಿಬರಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯಂದಿರು ನಮ್ಮನ್ನು ಆ ಕಡೆ ಕರೆದುಕೊಂಡು ಹೋದರು. ದೂರದಿಂದ ನೋಡಿದರೆ ಹುಲ್ಲು ಬೆಳೆದ ಸಾಧಾರಣ ಗುಡ್ಡ. ಆದರೆ ಅದು ದೇವರು ಮಾಡಿದ ಗುಡ್ಡವಲ್ಲ, ಹೈದರಾಬಾದಿನವರಾದ ನಾವು ಮಾಡಿದ್ದು. ಮುನ್ನೂರು ಎಕರೆಗೂ ಮಿಕ್ಕ ಜಾಗದಲ್ಲಿ ವರ್ಷಗಟ್ಟಲೆ ಸುರಿದ ಸುಮಾರು 1.2 ಕೋಟಿ ಟನ್ ಕಸಕ್ಕೆ ಮಣ್ಣು ಮುಚ್ಚಿದ್ದಾರೆ. ಪಕ್ಕದ ಮಲ್ಕಾರಂ ಕೆರೆಯ ನೀರು ಈ ಕಸದ ರಸ ಇಳಿದು ಕೆಟ್ಟಿತು. 2020ರಲ್ಲಿ ಕಸ ಸುಟ್ಟು ವಿದ್ಯುತ್ ಮಾಡುವ 19.8 ಮೆಗಾವಾಟಿನ ಸ್ಥಾವರವೂ ಬಂತು. ಆದರೆ ನಗರ ದಿನಕ್ಕೆ ಆರು ಸಾವಿರ ಟನ್ನಿಗೂ ಹೆಚ್ಚು ಕಸ ಹೊರಹಾಕುತ್ತದೆ. ನಮ್ಮ ಕಸದಲ್ಲಿ ಅನ್ನ, ಸಿಪ್ಪೆ, ಸೊಪ್ಪಿನ ತೇವವೇ ಹೆಚ್ಚು. ಒದ್ದೆ ಸೌದೆ ಒಲೆಗಿಟ್ಟವರಿಗೆ ಅದು ಹೇಗೆ ಉರಿಯುತ್ತದೆ ಎಂದು ಹೇಳಬೇಕಿಲ್ಲ.

ಲಾರಿಗಳ ಸಾಲು ನೋಡುತ್ತಾ ನಿಂತಾಗ ಒಂದು ವಿಚಾರ ಹೊಳೆಯಿತು. ಈ ಗುಡ್ಡದಲ್ಲಿ ನನ್ನ ಅಡುಗೆಮನೆಯ ಸಿಪ್ಪೆ ಇದೆ, ಹಾಲಿನ ಕವರುಗಳಿವೆ. ಆದರೆ ನಮ್ಮ ಮನೆಯ ಹಳೆಯ ಪೇಪರು ಒಂದೂ ಇಲ್ಲಿ ಇರಲಾರದು. ಹಿತ್ತಾಳೆ, ಕಬ್ಬಿಣ, ಎಣ್ಣೆಯ ಡಬ್ಬಿ ಯಾವುದೂ ಇಲ್ಲ. ಯಾಕೆಂದರೆ ಅವಕ್ಕೆಲ್ಲ ಬೆಲೆಯಿದೆ. "ಪಾತ ಸಾಮಾನ್" ಎಂದು ಕೂಗುತ್ತ ಬರುವವನು ತಕ್ಕಡಿ ಹಿಡಿದು ಕೊಳ್ಳುತ್ತಾನೆ, ನಾನೂ ಒಂದು ರೂಪಾಯಿಗೆ ಜಗಳವಾಡುತ್ತೇನೆ. ಮಾಲು ಭೋಲಕ್‌ಪುರದ ಗೋದಾಮಿಗೆ ಹೋಗುತ್ತದೆ. ಯಾವ ಸರ್ಕಾರವೂ ಹೇಳಿಕೊಡದೆ, ಯಾವ ಭಾಷಣವೂ ಇಲ್ಲದೆ ಈ ಏರ್ಪಾಡು ನಡೆದುಕೊಂಡು ಬಂದಿದೆ. ಬೆಲೆಯಿರುವ ವಸ್ತು ಕಸವಾಗುವುದಿಲ್ಲ. ಬೆಲೆಯಿಲ್ಲದ್ದು ನಮ್ಮ ಬಾಗಿಲು ದಾಟಿ ಇನ್ನೊಬ್ಬರ ಕಿಟಕಿಯ ಬಳಿ ಹೋಗಿ ಕೂರುತ್ತದೆ.

ಹಾಗಾದರೆ ನಾವು ಕಸಕ್ಕೆಂದು ಕೊಡುವ ಹಣ ಏನು ಮಾಡುತ್ತದೆ? 1990ರ ದಶಕದಲ್ಲಿ ನಗರಸಭೆ ಕಾಲೊನಿಗಳಿಗೆ ತ್ರಿಚಕ್ರ ಗಾಡಿ ಕೊಟ್ಟಿತ್ತು. ಗಾಡಿಯವನ ಸಂಬಳಕ್ಕೆ ಮನೆಮನೆಯಿಂದ ಚಂದಾ ಎತ್ತುತ್ತಿದ್ದೆವು. 2015ರ ನವೆಂಬರಿನಲ್ಲಿ ಸ್ವಚ್ಛ ಆಟೋಗಳು ಬಂದವು. ಮನೆಗೆ ಹಸಿರು, ನೀಲಿ ಎರಡು ಬುಟ್ಟಿ ಕೊಟ್ಟರು. ಹಸಿರಿಗೆ ಹಸಿಕಸ, ನೀಲಿಗೆ ಒಣಕಸ. ಚಾಲಕನೇ ಮಾಲೀಕ. ಬ್ಯಾಂಕಿನ ಸಾಲದ ಗಾಡಿ. ಮನೆಯವರು ಆಗ ಕೊಡುತ್ತಿದ್ದ ತಿಂಗಳ 50 ರೂಪಾಯಿ ಮತ್ತು ಒಣಕಸ ಮಾರಿದ ಹಣ ಅವನ ಜೀವನ. ಯೋಜನೆ ಮಾಡಿದವರು ಬುದ್ಧಿವಂತರೇ. ಚೆನ್ನಾಗಿ ಬೇರ್ಪಡಿಸಿದರೆ ಅವನಿಗೇ ಲಾಭ.

ಆದರೆ ಬೇರ್ಪಡಿಸಬೇಕಾದವಳು ನಾನು. ನನಗೇನು ಲಾಭ? ಎರಡು ಬುಟ್ಟಿಯಲ್ಲಿ ಕೊಟ್ಟರೂ ಅದೇ ಹಣ, ಒಂದೇ ಚೀಲದಲ್ಲಿ ಕಲೆಸಿ ಕೊಟ್ಟರೂ ಅದೇ ಹಣ. ನೀಲಿ ಬುಟ್ಟಿಯಲ್ಲಿ ನಾನು ಬೇಳೆ ತುಂಬಿಟ್ಟಿದ್ದೆ! ಪಕ್ಕದ ಮನೆಯವರು ಅಕ್ಕಿ ತುಂಬಿದ್ದರು. ದುಡ್ಡು ಕೊಟ್ಟಾಯಿತು, ಋಣ ತೀರಿತು ಎಂದುಕೊಂಡಿದ್ದೆ.

ದಮ್ಮಾಯಿಗೂಡದಿಂದ ಬಂದ ಮೇಲೆ ಒಂದು ಬೆಳಿಗ್ಗೆ ನಮ್ಮ ಗಲ್ಲಿಯ ಆಟೋ ಹುಡುಗನನ್ನು ಕೇಳಿದೆ. ಅವನ ಹೆಂಡತಿ ಗಾಡಿಯ ಹಿಂದೆ ನಿಂತು, ಬರಿಗೈಯಲ್ಲಿ ಚೀಲ ಬಿಚ್ಚಿ ಆರಿಸುತ್ತಿದ್ದಳು. "ಅಮ್ಮಾ, ನಿಮ್ಮ ಸಾರು ಬಿದ್ದ ರಟ್ಟನ್ನು ಯಾರೂ ಕೊಳ್ಳುವುದಿಲ್ಲ" ಎಂದ. ಕೋಪದಿಂದಲ್ಲ, ಸುಮ್ಮನೆ ಹೇಳಿದ. ನಾನು ಕೊಟ್ಟ ಹಣದಲ್ಲಿ ಎಷ್ಟನ್ನು ನಾನೇ ಕಸಿದುಕೊಳ್ಳುತ್ತಿದ್ದೆನೋ ಎಂದು ನಾಚಿಕೆಯಾಯಿತು.

ದಕ್ಷಿಣ ಕೊರಿಯಾದವರು 1995ರಲ್ಲೇ ಈ ಗಂಟು ಬಿಚ್ಚಿದರು. ಅಲ್ಲಿ ಕಸಕ್ಕೆಂದೇ ಮಾರುವ ಚೀಲ ಕೊಂಡು ತುಂಬಬೇಕು. ಕಸ ಹೆಚ್ಚಾದಷ್ಟೂ ಚೀಲ ಹೆಚ್ಚು, ಖರ್ಚು ಹೆಚ್ಚು. ಮರುಬಳಕೆಯ ವಸ್ತು ಬೇರೆ ಇಟ್ಟರೆ ಅದಕ್ಕೆ ಹಣವಿಲ್ಲ. ನಮ್ಮಲ್ಲಿ ಇದನ್ನು ಹಾಗೆಯೇ ತಂದರೆ ಚೀಲ ಉಳಿಸಲು ಜನ ರಾತ್ರಿ ಮೂಲೆಗೆ ಎಸೆದಾರು ಎಂಬ ಭಯ ನನಗೂ ಇದೆ. ದಂಡಕ್ಕಿಂತ ವಾಪಸ್ ಬರುವ ದುಡ್ಡು ನಮಗೆ ಹೆಚ್ಚು ರುಚಿಸುತ್ತದೆ. ನಾವು ಚಿಕ್ಕವರಿದ್ದಾಗ ಸೋಡಾ ಬಾಟಲಿಗೆ ಅಂಗಡಿಯವನು ಡಿಪಾಜಿಟ್ ಇಟ್ಟುಕೊಳ್ಳುತ್ತಿರಲಿಲ್ಲವೇ? ಒಡೆಯದಂತೆ ಎಷ್ಟು ಜೋಪಾನವಾಗಿ ಮರಳಿಸುತ್ತಿದ್ದೆವು! ನೀಲಗಿರಿ ಜಿಲ್ಲೆಯಲ್ಲಿ ಒಡೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿದೆ ಎಂದು 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಮರಳಿಸುವ ಕ್ರಮ ತಂದರು. ಬಾಟಲಿಗಳು ಕಾಡಿನ ಬದಲು ಅಂಗಡಿಗೆ ಬರತೊಡಗಿದವು. ಕುಡಿದವರಿಗೂ ಲೆಕ್ಕ ತಪ್ಪಲಿಲ್ಲ!

ಬೇಳೆಯನ್ನು ಡಬ್ಬಿಗೆ ಸುರಿದು ನೀಲಿ ಬುಟ್ಟಿ ಹೊರಗಿಟ್ಟಿದ್ದೇನೆ. ಇನ್ನು ನಮ್ಮ ಸಂಘದ ಮಾತು. ಪ್ರತಿ ರಾಜ್ಯೋತ್ಸವದ ಊಟದ ನಂತರ ಬಾಳೆಲೆ, ಪ್ಲಾಸ್ಟಿಕ್ ಲೋಟ, ಉಳಿದ ಅನ್ನ ಎಲ್ಲವೂ ಒಂದೇ ರಾಶಿಯಾಗುತ್ತದೆ. ಅದು ಎಲ್ಲಿಗೆ ಹೋಗುತ್ತದೆಂದು ಈಗ ಓದುಗರಿಗೂ ತಿಳಿಯಿತು. ಈ ನವೆಂಬರಿನಲ್ಲಿ ಸ್ಟೀಲ್ ಲೋಟ ತರಿಸೋಣ. ಲೋಟಕ್ಕೆ 10 ರೂಪಾಯಿ ಡಿಪಾಜಿಟ್ ಇರಲಿ, ಮರಳಿಸಿದವರಿಗೆ ಹಣ ವಾಪಸ್. ಲೋಟ ತೊಳೆಯುವ ಹೆಂಗಸರಿಗೆ ಸಂಘವೇ ಕೂಲಿ ಕೊಡಲಿ. ಲೆಕ್ಕದ ಮೇಜಿನ ಹತ್ತಿರ ಕೂರಲು ನಾನು ಸಿದ್ಧಳಿದ್ದೇನೆ. ದಮ್ಮಾಯಿಗೂಡದಿಂದ ಹುಡುಗಿಯೂ ಬರುತ್ತೇನೆಂದಿದ್ದಾಳೆ.