ಜ್ಞಾನಗಂಗೆಗೆ ಜೋಳದ ರೊಟ್ಟಿ

ಕಲಬುರಗಿಯ ಅಪ್ಪನ ಕೆರೆಯ ದಂಡೆಗೆ ಬೆಳಗಿನ ಆರಕ್ಕೆ ಇನ್ನೂ ಮಬ್ಬು. ಯಜಮಾನರು ಕಿವಿಗೆ ಮಫ್ಲರ್ ಸುತ್ತಿಕೊಂಡು ಮುಂದೆ ಮುಂದೆ ನಡೆದಿದ್ದಾರೆ. ಮದುವೆಯಾದಾಗಿನಿಂದಲೂ ಅವರು ಮುಂದೆ, ನಾನು ಹಿಂದೆ. ಈ ವಾರ ಮಾತ್ರ ಎದುರಿಗೆ ಬಂದವರನ್ನೆಲ್ಲ ತಡೆದು ನಿಲ್ಲಿಸುತ್ತಿರುವುದರಿಂದ ನಾನು ಆರಾಮಾಗಿ ಜೊತೆಗೂಡುತ್ತಿದ್ದೇನೆ.

“ಶನಿವಾರ ಮೊಮ್ಮಗಳ ಘಟಿಕೋತ್ಸವ ಅದರಿ. ಯುನಿವರ್ಸಿಟಿಯೊಳಗ. ಎಮ್ಮೆಸ್ಸಿ.”

“ಹೌದಾ? ಗೋಲ್ಡ್ ಮೆಡಲ್ ಏನ್ರಿ?”

“ಮೆಡಲ್ ಇಲ್ರಿ. ಪಾಸಾಗ್ಯಾಳ.”

ಪಾಸಾಗ್ಯಾಳ ಅನ್ನುವಾಗ ಅವರ ದನಿ ಏರುತ್ತದೆ. ಮೆಡಲ್ ಯಾರಿಗೆ ಬೇಕಾದರೂ ಸಿಗುತ್ತದೆ, ಪಾಸಾಗುವುದೇ ಕಷ್ಟ ಎಂಬಂತೆ. ಕೇಳಿದವರು ಛಲೋ ಆಯ್ತು ಅನ್ನುತ್ತಾರೆ, ಶರಣಬಸವೇಶ್ವರ ಗುಡಿಯ ಕಡೆ ತಿರುಗಿ ಒಮ್ಮೆ ಕೈ ಮುಗಿದು ಮುಂದೆ ಸಾಗುತ್ತಾರೆ. ಇವರು ಮುಂದಿನವರನ್ನು ಹಿಡಿಯುತ್ತಾರೆ.

ನಿವೃತ್ತ ದಂಪತಿ ಅಂತ ನಮ್ಮಿಬ್ಬರನ್ನೂ ಕರೆಯುತ್ತಾರಾದರೂ ಪಿಂಚಣಿ ಬರುವುದು ನನಗೊಬ್ಬಳಿಗೆ. ನಾನು ಸರಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. ಇವರು ಕಪನೂರಿನ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆದವರು. ಮಿಲ್ಲು ಬಿಟ್ಟು ವರ್ಷಗಳಾದರೂ ಅದು ಇವರನ್ನು ಬಿಟ್ಟಿಲ್ಲ. ಸೋಮವಾರ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ಕೊಳ್ಳುವ ರೀತಿ ನೋಡಬೇಕು. ಒಂದು ಹಿಡಿ ಅಂಗೈಗೆ ಸುರುವಿಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಸರಿಸುತ್ತಾರೆ. ಅಂಚು ಒಡೆದದ್ದು ಎಷ್ಟು, ಸಿಪ್ಪೆ ಉಳಿದದ್ದು ಎಷ್ಟು, ಹಳದಿ ಹುಟ್ಟಿದ ಬಣ್ಣವೋ ಹಚ್ಚಿದ ಬಣ್ಣವೋ. ಒಂದು ಬೇಳೆ ಹಲ್ಲಿನಲ್ಲಿ ಕಟ್ ಅನ್ನಿಸುತ್ತಾರೆ. ಕಾಳಿಗೆ ಎಣ್ಣೆ ಉಣಿಸಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ, ಮತ್ತೆ ಒಣಗಿಸಿ ಒಡೆದ ಬೇಳೆಯ ಗುಣವೇ ಬೇರೆ ಅಂತ ಅಂಗಡಿಯ ಹುಡುಗನಿಗೆ ಪಾಠ ಆಗುತ್ತದೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂದದ್ದು, ಸುಣ್ಣದಂಶದ ಕಪ್ಪು ಮಣ್ಣಿನಿಂದ ಅದಕ್ಕೆ ಆ ರುಚಿ ಬಂದದ್ದು, ಎಲ್ಲವೂ. ಹುಡುಗ ಪಾಪ, ಎರಡು ಕಿಲೋ ತೂಗಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಾನೆ.

ಶನಿವಾರಕ್ಕೆಂದು ಮನೆಗೆ ಜನ ಬರುತ್ತಾರೆ. ಬೆಂಗಳೂರಿನಿಂದ ಮಗ ಸೊಸೆ, ಕಮಲಾಪುರದಿಂದ ಮೈದುನನ ಮನೆಯವರು. ಮೊಮ್ಮಗಳು ಹೈಸ್ಕೂಲಿನಿಂದಲೂ ನಮ್ಮ ಹತ್ತಿರವೇ ಇದ್ದು ಓದಿದವಳು. ಅವಳ ಕಾಗದಪತ್ರಗಳ ಫೈಲು ನನ್ನ ಸೀರೆಗಳ ಕೆಳಗೆ ಇರುತ್ತದೆ. ಮಂಗಳವಾರ ಅದನ್ನು ಹೊರತೆಗೆದು ಮಂಚದ ಮೇಲೆ ಹರವಿದ್ದೇನೆ. ಎಲ್ಲಕ್ಕಿಂತ ಮೇಲಿರುವುದು 371(ಜೆ) ಅರ್ಹತಾ ಪ್ರಮಾಣಪತ್ರ. ಮಡಿಕೆಯಲ್ಲಿ ಸವೆದು ಹರಿಯಲು ಬಂದಿದೆ, ಟೇಪು ಹಚ್ಚಿದ್ದೇವೆ. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆದ ಮೇಲೆ ಈ ಭಾಗದ ವಿದ್ಯಾಲಯಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು ಇಲ್ಲಿಯ ಮಕ್ಕಳಿಗೆ. ಬೆಂಗಳೂರಿನವರಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ನಮ್ಮಲ್ಲಿ ಆಧಾರ್ ಕಳೆದರೂ ಇಷ್ಟು ಗಾಬರಿಯಾಗುವುದಿಲ್ಲ, ಈ ಕಾಗದ ಕಳೆದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಅದೇ ಫೈಲಿನ ತಳದಲ್ಲಿ ನನ್ನದೊಂದು ಪದವಿಪತ್ರ. ನೌಕರಿಯಲ್ಲಿದ್ದುಕೊಂಡೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಮಾಡಿದ್ದೆ. ಪತ್ರ ರಿಜಿಸ್ಟರ್ ಅಂಚೆಯಲ್ಲಿ ಬಂತು. ಇವರು ಪೋಸ್ಟ್‌ಮನ್‌ಗೆ ಪೇಢೆ ಕೊಟ್ಟು, ಕುರ್ಚಿ ಹಾಕಿ ಕೂಡಿಸಿ, ಚಹಾ ಕುಡಿಸಿ ಕಳಿಸಿದರು. ನನ್ನ ಘಟಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿ ಅವನೇ.

ಬುಧವಾರ ಕಮಲಾಪುರ. ಮುಂಜಾನೆಯ ಹುಮನಾಬಾದ್ ಬಸ್ಸು ಸ್ಟ್ಯಾಂಡಿನಿಂದ ಹೊರಬೀಳುವಷ್ಟರಲ್ಲೇ ತುಂಬಿದೆ. ಕಂಡಕ್ಟರ್ ನನ್ನ ಆಧಾರ್ ನೋಡಿ ಶೂನ್ಯ ದರದ ಚೀಟಿ ಹರಿದು ಕೊಡುತ್ತಾನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಈ ಗಳಿಗೆ ನಮ್ಮಿಬ್ಬರ ನಡುವೆ ತಪ್ಪದ ಒಂದು ಆಟ.

“ನಾನೂ ಒಂದು ಸೀರಿ ಉಟ್ಕೊಂಡು ಬರ್ಲೇನು?” ಅಂತ ಇವರು.

“ಉಟ್ಕೋರಿ, ನಿರಿಗಿ ನಾ ಹಿಡಿತೀನಿ” ಅಂತ ನಾನು. ಮುಂದಿನ ಸೀಟಿನ ಹುಡುಗಿಯರು ನಗುತ್ತಾರೆ. ಇವರು ಹಿರಿಯ ನಾಗರಿಕರ ಚೀಟಿ ತೆಗೆಸಿ, ಚಿಲ್ಲರೆಯನ್ನು ಎರಡು ಸಲ ಎಣಿಸಿ ಜೇಬಿಗಿಡುತ್ತಾರೆ.

ನೆಹರೂ ಗಂಜ್ ದಾಟಿದರೆ ಕಪನೂರು. ಕಿಟಕಿಯಿಂದ ಬೇಳೆಯ ಧೂಳಿನ ವಾಸನೆ ಒಳಗೆ ನುಗ್ಗುತ್ತದೆ, ಇವರು ಮಫ್ಲರ್ ಸಡಿಲಿಸಿ ಮೂಗು ಅರಳಿಸುತ್ತಾರೆ. ಆಮೇಲೆ ಎರಡೂ ಕಡೆ ಎರೆಹೊಲ. ತೊಗರಿ ಕೊಯ್ದಾಗಿದೆ, ಬದುವಿನಲ್ಲಿ ಕಟಗಿಯ ಬಣವೆ. ಬಿಳಿಜೋಳ ಮಾತ್ರ ಆಳೆತ್ತರ ನಿಂತು ತೆನೆಯಲ್ಲಿ ಹಾಲು ತುಂಬಿಕೊಂಡಿದೆ. ಹಿಂಗಾರಿ ಮುಗಿದ ಮೇಲೆ ಒಂದು ಹನಿ ಬಿದ್ದಿಲ್ಲ, ನೆಲದೊಳಗಿನ ಹಸಿಯಲ್ಲೇ ಬೆಳೆದ ಪೈರು. ಮಹಾಗಾಂವ ಕ್ರಾಸಿನಲ್ಲಿ ಅರ್ಧ ಬಸ್ಸು ಇಳಿಯುತ್ತದೆ. ಬೀದರ್ ರೈಲು 2017ರಲ್ಲಿ ಶುರುವಾಗಿ ಕಮಲಾಪುರಕ್ಕೂ ಸ್ಟೇಷನ್ ಆಗಿದೆ ನಿಜ, ಆದರೆ ಇವರಿಗೆ ಬಸ್ಸೇ ಆಗಬೇಕು. ರೈಲಿನಲ್ಲಿ ಕಪನೂರಿನ ವಾಸನೆ ಬರುವುದಿಲ್ಲವಂತೆ.

ಕಮಲಾಪುರ ಈಗ ತಾಲೂಕು. ಫಲಕಗಳು ದೊಡ್ಡವಾಗಿವೆ. ನಮ್ಮ ಓಣಿ ಹಾಗೇ ಇದೆ. ಮೈದುನ ಹೊಲದಲ್ಲೇ ಕಾಯುತ್ತಿದ್ದಾನೆ. ಬದುವಿನ ಮೇಲೆ ಕುಳ್ಳಿನ ಕೆಂಡ ಮಾಡಿ, ಹಸಿ ತೆನೆಗಳನ್ನು ಅದರಲ್ಲಿ ಹೂತಿದ್ದಾನೆ. ನೆಗೆಣ್ಣಿ ಬಿಸಿಬಿಸಿ ತೆನೆ ಎತ್ತಿ ಒರಟು ಬಟ್ಟೆಯ ಮೇಲೆ ಎರಡೂ ಅಂಗೈಯಲ್ಲಿ ತಿಕ್ಕುತ್ತಾಳೆ. ಹಸಿರು ಕಾಳು ಹೊಟ್ಟಿನ ಸಮೇತ ಉದುರುತ್ತದೆ. ಮೊರದಲ್ಲಿ ಎರಡು ಸಲ ಹಾರಿಸಿದರೆ ಸೀತನಿ ತಯಾರು. ಅಂಗೈ ಕೆಂಪಗಾಗಿದೆ, ಅವಳಿಗೆ ಅದರ ಕಡೆ ಗಮನವಿಲ್ಲ. ಶೇಂಗಾ ಹಿಂಡಿ ಹಚ್ಚಿಕೊಂಡು ಬಾಯಿಗೆ ಹಾಕಿಕೊಂಡರೆ ಹೊಗೆಯ ಹಿಂದೆ ಹಾಲಿನ ಸಿಹಿ. ಇದನ್ನು ಕಲಬುರಗಿಗೆ ಒಯ್ಯಲಾಗುವುದಿಲ್ಲ, ತಣ್ಣಗಾದರೆ ಕಾಳು ಬಿರುಸಾಗುತ್ತದೆ. ಮೊಮ್ಮಗಳಿಗೆ ಅಂತ ಕಟ್ಟಿಕೊಡಲು ಬಂದ ನೆಗೆಣ್ಣಿಗೆ ಇದನ್ನೇ ಹೇಳಿದೆ. “ಹಂಗಾದ್ರ ಆಕಿನೇ ಬರ್ಬೇಕಾಗಿತ್ತು” ಅಂದಳು. ಸರಿಯಾದ ಮಾತು.

ಒಯ್ಯುವುದು ಕೆಂಪು ಬಾಳೆ. ಬಾವಿಯ ಹಿಂದೆ ನಾಲ್ಕಾರು ಗಿಡ ಉಳಿಸಿಕೊಂಡಿದ್ದಾರೆ. ಕಮಲಾಪುರದ ಕೆಂಬಾಳೆಗೂ ಜಿಐ ಇದೆ, ಹೆಸರು ದೊಡ್ಡದು, ಬೆಳೆಯುವವರು ಕಡಿಮೆ. ಬೇರೆ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. “ಇದೂ ಎಮ್ಮೆಸ್ಸಿ ಇದ್ದಂಗ ನೋಡಣ್ಣ, ಪುರಸೊತ್ತು ಬೇಕು” ಅಂತ ಮೈದುನ ಎರಡು ಚಿಪ್ಪು ಕೊಯ್ದು ಗೋಣಿಯಲ್ಲಿ ಸುತ್ತುತ್ತಾನೆ.

ಹಳೆಯ ಮನೆಯ ಟ್ರಂಕಿನಲ್ಲಿ ಮಾವನವರ ಜಮೀನಿನ ಕಾಗದಗಳಿವೆ. ಸಹಿ ಉರ್ದುವಿನಲ್ಲಿದೆ. ನಿಜಾಮನ ಕಾಲದಲ್ಲಿ ನಾಲ್ಕನೆಯ ಇಯತ್ತೆ ತನಕ ಓದಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಅವರ ಕಾಲಕ್ಕೆ ಡಿಗ್ರಿ ಅಂದರೆ ಹೈದರಾಬಾದಿನ ಉಸ್ಮಾನಿಯಾ, ಅದು ಉಳ್ಳವರ ಮಕ್ಕಳಿಗೆ. ನನ್ನ ದೊಡ್ಡಣ್ಣನ ಕಾಲಕ್ಕೆ ಅದು ಧಾರವಾಡಕ್ಕೆ ಬಂತು. 1968ರಲ್ಲಿ ಎಂ.ಎ.ಗೆ ಹೋಗುವಾಗ ಅಣ್ಣ ಹೊಟಗಿಯಲ್ಲಿ ಗಾಡಿ ಬದಲಿಸಿ, ವಿಜಾಪುರ, ಗದಗ ಸುತ್ತಿ, ಮೀಟರ್ ಗೇಜಿನಲ್ಲಿ ತೂಕಡಿಸುತ್ತ ಹೋಗುತ್ತಿದ್ದ. ಅವ್ವ ರೊಟ್ಟಿಯ ಗಂಟು ಕಟ್ಟಿ, ದೀಪಾವಳಿ ತನಕ ಬರಬ್ಯಾಡ, ಖರ್ಚು ಅನ್ನುತ್ತಿದ್ದಳು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕಲಬುರಗಿಗೇ ಬಂತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಸೇಡಂ ರಸ್ತೆಯ ಆ ಜ್ಞಾನಗಂಗಾ ಆವರಣಕ್ಕೆ ಮೊಮ್ಮಗಳು ಎರಡು ವರ್ಷ ಸಿಟಿ ಬಸ್ಸಿನಲ್ಲಿ ಓಡಾಡಿದಳು, ಸಂಜೆ ಚಹಾದ ಹೊತ್ತಿಗೆ ಮನೆಯಲ್ಲಿರುತ್ತಿದ್ದಳು. ಅವಳಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ.

ಗುರುವಾರ ರೊಟ್ಟಿ. ಹಿಟ್ಟು ಮಾಲ್ದಂಡಿ ಜೋಳದ್ದು, ಬುಧವಾರ ರಾತ್ರಿಯೇ ಗಿರಣಿಯಿಂದ ಬಂದದ್ದು. ಎಸರು ಕುದಿಯುವಾಗಲೇ ಹಿಟ್ಟಿನ ನಡುವಿನ ಗುಂಡಿಗೆ ಹೊಯ್ಯಬೇಕು, ಸೌಟಿನಿಂದ ಕಲಸಿ, ಕೈ ತಾಳಿದ ಕೂಡಲೇ ಅಂಗೈಯ ಬುಡದಿಂದ ನಾದಬೇಕು. ನಾದುವುದರಲ್ಲಿ ಸೋಮಾರಿತನ ಮಾಡಿದರೆ ಅಂಚು ಸೀಳುತ್ತದೆ. ಬಡಿಯುವಾಗ ಬಲಗೈ ತಟ್ಟುತ್ತದೆ, ಎಡಗೈ ತಿರುಗಿಸುತ್ತದೆ. ಹಂಚಿನ ಮೇಲೆ ಹಾಕಿ ನೀರು ಸವರಿ, ಅದು ಆರುವ ಹೊತ್ತಿಗೆ ಮಗುಚಬೇಕು. ಕಡಕ್ ಆಗಬೇಕಾದದ್ದನ್ನು ಒಲೆಯ ಮಗ್ಗುಲಿಗೆ ಆನಿಸಿ ನಿಲ್ಲಿಸಬೇಕು. ಮೊಮ್ಮಗಳು ಪಕ್ಕದಲ್ಲಿ ಕೂತು ಬಡಿದ ಮೊದಲ ರೊಟ್ಟಿ ಭಾರತದ ನಕಾಶೆ. ಅವಳ ಮುತ್ಯಾ, ಅಂದರೆ ಇವರು, ಅದನ್ನೇ ಬೇಕು ಅಂತ ಇಸಿದುಕೊಂಡು ತಿಂದರು.

“ಆಯಿ, ಇವನ್ನ ಯುನಿವರ್ಸಿಟಿಗೆ ಒಯ್ಯಬ್ಯಾಡ ಮತ್ತ. ಮಂದಿ ನಗ್ತಾರ.”

“ಕಾರ್ಯಕ್ರಮ ಎಷ್ಟೊತ್ತಿಗೆ ಮುಗಿತದ?”

“ಗೊತ್ತಿಲ್ಲ. ರಾಜ್ಯಪಾಲರು ಬಂದ ಮ್ಯಾಲ.”

“ಹಂಗಾದ್ರ ಒಯ್ತೀನಿ.”

ರೊಟ್ಟಿಯ ಜೊತೆ ಪುಂಡಿಪಲ್ಯ, ಹಿಂಡಿ, ಗಟ್ಟಿ ಮೊಸರು. ಡಬ್ಬಿ ಯಾವುದು ಅನ್ನುವ ಚರ್ಚೆ ಶುಕ್ರವಾರದ ತನಕ ನಡೆಯಿತು. ಶುಕ್ರವಾರದ ಉಳಿದದ್ದೆಲ್ಲ ಇಸ್ತ್ರಿ, ಜವಳಿ, ಮಗ ಸೊಸೆಯ ಆಗಮನ, ಅವರ ತಲೆನೋವು. ಮೊಮ್ಮಗಳು ನನ್ನ ಇಳಕಲ್ ಸೀರೆ ಉಡುತ್ತೇನೆ ಅಂದಳು. ಟೋಪ್ ತೆನಿಯ ಸೆರಗು ಹೊರಗೆ ಬರುವಂತೆ ಮಡಿಸಿಟ್ಟೆ. ಇವರು ತಮ್ಮ ಬಿಳಿ ಧೋತರಕ್ಕೆ ತಾವೇ ನೀಲಿ ಹಾಕಿಕೊಂಡರು, ಕೊಂಚ ಹೆಚ್ಚೇ ಹಾಕಿದರು.

ರಾತ್ರಿ ಊಟಕ್ಕೆ ಎಲ್ಲರೂ ಸುತ್ತ ಕೂತಾಗ ವಿಷಯ ಹೊರಬಿತ್ತು. ವೇದಿಕೆಗೆ ಹೋಗುವವರು ಪದಕದವರು, ಪಿಎಚ್‌ಡಿಯವರು. ಉಳಿದವರದು ಕೆಳಗೆ ಕುರ್ಚಿ. ಮೊಮ್ಮಗಳು ಇದನ್ನು ವಾರದ ಹಿಂದೆಯೇ ನನಗೆ ಹೇಳಿದ್ದಳು. ಮುತ್ಯಾನಿಗೆ ಹೇಳುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ. ಇವರ ಕೈಯ ತುತ್ತು ತಾಟಿಗೆ ವಾಪಸು ಹೋಯಿತು.

“ಅಂದ್ರ ಇಕಿ ಹೆಸರು ಕರಿಯೂದಿಲ್ಲ?”

“ಇಲ್ಲ ಮುತ್ಯಾ.”

“ಮತ್ತ ನಾ ಚಪ್ಪಾಳಿ ಯಾವಾಗ ಹೊಡಿಬೇಕು?”

ಸೊಸೆ ನನ್ನ ಮುಖ ನೋಡಿದಳು, ಮಗ ಸಾರು ಬಡಿಸಿಕೊಂಡ. ಮೊಮ್ಮಗಳು ಹೇಳಿದಳು: “ಎಲ್ಲರಿಗೂ ಹೊಡಿ. ಅದರಾಗ ನಾನೂ ಬರ್ತೀನಿ.” ಇವರು ಲೆಕ್ಕ ಬರೆದವರಲ್ಲವೇ, ಸ್ವಲ್ಪ ಹೊತ್ತು ಅದನ್ನು ಕೂಡಿಸಿ ಕಳೆದು ನೋಡಿ, ಆಗಲಿ ಅಂತ ತುತ್ತು ಎತ್ತಿದರು.

ಶನಿವಾರ ಬೆಳಗ್ಗೆ ಓಣಿಯ ಬಾಯಿಗೆ ಬಂದ ಆಟೋದವನು ಐದು ಜನ, ಒಂದು ಡಬ್ಬಿ, ಒಂದು ಬಾಳೆಯ ಗೋಣಿ ನೋಡಿ ಹೇಳಿದ ರೇಟಿಗೆ ಇವರು ಉತ್ತರವನ್ನೇ ಕೊಡಲಿಲ್ಲ. ಧೋತರದ ಚುಂಗು ಎತ್ತಿ ಹಿಡಿದು ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು, ಎಂದಿನಂತೆ ನಮ್ಮೆಲ್ಲರಿಗಿಂತ ಮುಂದೆ. ಸೇಡಂ ರಸ್ತೆಯ ಸಿಟಿ ಬಸ್ಸು ಬಂತು. ಇಳಕಲ್ ಸೀರೆ ತುಳಿಯದಂತೆ ಮೊಮ್ಮಗಳನ್ನು ಮೊದಲು ಹತ್ತಿಸಿದೆವು. ಕಂಡಕ್ಟರ್ ಹತ್ತಿರ ಬಂದ.

“ಯುನಿವರ್ಸಿಟಿ. ಗಂಡಸರು ಎರಡು, ಹೆಣ್ಣಮಕ್ಕಳು ಮೂರು” ಅಂದರು. ಆಮೇಲೆ ಕೇಳದಿದ್ದರೂ ಸೇರಿಸಿದರು: “ಘಟಿಕೋತ್ಸವ ಅದ. ಎಮ್ಮೆಸ್ಸಿ. ಪಾಸಾಗ್ಯಾಳ.”